ಸತ್ತವನ ವರ್ಷ

“ಸಾಲ ಎಲ್ಲಿ ಐತ್ರಿ, ತೋರಸ್ರಿ ನೋಡೂನು.”

ಮೂಡಲಗಿಯ ತಾಲೂಕು ಕಚೇರಿಯಲ್ಲಿ ಆ ಚಳಿಗಾಲವಿಡೀ ನನ್ನನ್ನು ಕಂಡವರೆಲ್ಲ ಕೇಳಿದ್ದು ಇದೊಂದೇ ಮಾತು. ಜೀತ ಅಂದಮೇಲೆ ಸಾಲ ಇರಬೇಕು. ಸಾಲ ಇಲ್ಲದಿದ್ದರೆ ಬಾಗಿಲಿಗೆ ಬೀಗವಾದರೂ ಬೇಕು, ಬೆನ್ನ ಮೇಲೆ ಬಾಸುಂಡೆಯಾದರೂ ಬೇಕು. ನಾನು ಹಿಡಿದುಕೊಂಡು ತಿರುಗುತ್ತಿದ್ದ ಪ್ರಕರಣದಲ್ಲಿ ಮೂರೂ ಇರಲಿಲ್ಲ. ಇದ್ದದ್ದು ಒಬ್ಬ ಹೆಂಗಸು, ಒಂದು ದನದ ಕೊಟ್ಟಿಗೆ, ಮತ್ತು ಊರವರು ಹೆಮ್ಮೆಯಿಂದ ಹೇಳಿಕೊಳ್ಳುವ ಒಂದು ಪದ್ಧತಿ.

ನಾನು ಗೋಕಾಕದ ಕೋರ್ಟಿನಲ್ಲಿ ವಕೀಲಿ ಮಾಡುವವಳು. ಕಾನೂನು ನೆರವಿನ ಪಾಳಿಯಲ್ಲಿ ಈ ಕೇಸು ನನ್ನ ಪಾಲಿಗೆ ಬಂತು. ಅರ್ಜಿ ಕೊಟ್ಟವಳು ಗೋಕಾಕದ ಒಂದು ಆಸ್ಪತ್ರೆಯ ನರ್ಸು. ಅವಳ ತಾಯಿ ಮಸಗುಪ್ಪಿಯಿಂದ ಇನ್ನೂ ಆಚೆಯ ಒಂದು ಊರಿನಲ್ಲಿ (ಊರಿನ ಹೆಸರು ಬೇಡ) ಕಬ್ಬು ಬೆಳೆಯುವ ದೊಡ್ಡ ರೈತರ ಮನೆಯಲ್ಲಿ ದನ ನೋಡಿಕೊಳ್ಳುತ್ತಿದ್ದಳು. ಆ ನರ್ಸು ಮೊದಲ ದಿನ ನನ್ನ ಮುಂದೆ ಕೂತು ಅಳಲೂ ಇಲ್ಲ, ಕೈ ಮುಗಿಯಲೂ ಇಲ್ಲ. ನೇರ ವಿಷಯಕ್ಕೆ ಬಂದಳು.

“ನಮ್ಮ ಅಪ್ಪ ಸತ್ತ ಮೂರನೇ ದಿನಕ್ಕ ಅವ್ವ ಅವರ ಮನಿ ಸೆಗಣಿ ಬಳ್ಯಾಕ ಹೋದ್ಳರಿ. ಅಪ್ಪನ ವರ್ಷ ಇನ್ನೂ ಉಳದಿತ್ತಂತ.”

ನನಗೆ ಅರ್ಥವಾಗಲಿಲ್ಲ. ಬಿಡಿಸಿ ಹೇಳು ಅಂದೆ. ಹೇಳಿದಳು. ಯುಗಾದಿ ಪಾಡ್ಯದ ಬೆಳಿಗ್ಗೆ ಯಜಮಾನ ತಾಟಿನಲ್ಲಿ ಹೊಸ ಬಟ್ಟೆಯ ಮೇಲೆ ಎಲೆ ಅಡಿಕೆ ಇಟ್ಟು ಆಳಿನ ಮುಂದೆ ಹಿಡಿಯುತ್ತಾನೆ. ಆಳು ಅದನ್ನು ತೆಗೆದುಕೊಂಡರೆ ಮುಂದಿನ ಪಾಡ್ಯದವರೆಗೆ ಆ ಮನೆಯವನು. ಇದಕ್ಕೆ ವರ್ಷ ಹಿಡಿಯುವುದು ಎನ್ನುತ್ತಾರೆ. ಇಲ್ಲಿಯವರೆಗೆ ಸರಿ, ನಮ್ಮ ಕಡೆ ವರ್ಷದ ಆಳು ಹೊಸತೇನಲ್ಲ. ಆದರೆ ಆ ಊರಿನಲ್ಲಿ ಹಿಡಿದ ವರ್ಷವನ್ನು ನಡುವೆ ಬಿಡುವಂತಿಲ್ಲ, ಸತ್ತರೂ. ಉಳಿದ ತಿಂಗಳುಗಳನ್ನು ಸತ್ತವನ ಮನೆಯವರೇ ಬಂದು ತುಂಬಿಸಬೇಕು. ತುಂಬಿಸಲು ಬಂದವರು ಕೊಟ್ಟಿಗೆಯಲ್ಲಿ ನಿಂತಿರುವಾಗಲೇ ಮುಂದಿನ ಪಾಡ್ಯ ಬರುತ್ತದೆ, ತಾಟು ಅವರ ಮುಂದೆ ಬರುತ್ತದೆ. ಅಜ್ಜ ಹಾಗೆ ಹೋಗಿದ್ದ, ಅಪ್ಪ ಹಾಗೆ ಹೋಗಿದ್ದ. ಈಗ ಅವ್ವ.

“ಹಿಡೀಲಿಲ್ಲ ಅಂದ್ರ?” ಎಂದು ಕೇಳಿದೆ.

“ನಮ್ಮ ಮನಿ ನಿಂತ ಜಾಗಾ ಅವರದ್ರಿ. ಆದ್ರ ಅಷ್ಟ ಅಲ್ಲ. ಇಲ್ಲಿ ತನಕ ಯಾರೂ ಹಿಡೀದ ಬಿಟ್ಟಿಲ್ಲ.”

ಶಾಲೆಯಲ್ಲಿ ಗುಲಾಮಗಿರಿಯ ಪಾಠ ನಾನೂ ಓದಿದವಳೇ. ಹಡಗು, ಸಂತೆಯಲ್ಲಿ ಹರಾಜು, ಕಡಲಾಚೆಯ ಹತ್ತಿ ತೋಟ. ಉತ್ತರ ಬರೆದು ಅಂಕ ತಗೊಂಡು ಮರೆತೆವು. ಗುಲಾಮಗಿರಿ ಅಂದರೆ ಬೇರೆ ದೇಶದ ಬೇರೆ ಬಣ್ಣದ ಜನರ ಕಥೆ ಅಂತ ಮೇಷ್ಟ್ರೂ ನಂಬಿದ್ದರು, ನಾವೂ ನಂಬಿದೆವು. ನಮ್ಮದೇ ಹಳೆಯ ಕಲ್ಲುಗಳ ಮೇಲೆ ತೊತ್ತು, ಊಳಿಗ, ಬಿಟ್ಟಿ ಎಂಬ ಮಾತುಗಳಿವೆ ಎಂದು ಯಾರೂ ಹೇಳಲಿಲ್ಲ. ಮಾರಿದರೆ ಮಾತ್ರ ಗುಲಾಮ, ಕೊಟ್ಟರೆ ಅಲ್ಲ, ಹುಟ್ಟಿನಿಂದ ಬಂದರೆ ಅಲ್ಲವೇ ಅಲ್ಲ. ಕಾನೂನು ನಮ್ಮ ಮೇಷ್ಟ್ರಿಗಿಂತ ಜಾಣ. ಜೀತ ನಿರ್ಮೂಲನೆಯ ಕಾಯ್ದೆ ಸಾಲವನ್ನಷ್ಟೇ ಹೇಳುವುದಿಲ್ಲ. ರೂಢಿಯಿಂದ ಬಂದ ಹೊಣೆ, ವಾರಸಿನಿಂದ ಬಂದ ಹೊಣೆ, ಇಂಥ ಜಾತಿಯಲ್ಲಿ ಹುಟ್ಟಿದ್ದಕ್ಕೆ ಬಂದ ಹೊಣೆ, ಎಲ್ಲವನ್ನೂ ಹೆಸರಿಸುತ್ತದೆ. ಆದರೆ ಆ ಸಾಲುಗಳನ್ನು ಓದುವವರು ಯಾರು? ಕಚೇರಿಯಲ್ಲಿ ಎಲ್ಲರಿಗೂ ಬೇಕಾದದ್ದು ಸಾಲ.

ಮೊದಲ ಹೊಡೆತ ಸ್ಥಳ ಪರಿಶೀಲನೆಯಲ್ಲೇ ಬಿತ್ತು. ತಾಲೂಕು ಕಚೇರಿಯ ತಂಡ ಹೊರಡುವ ಮೊದಲೇ ಫೋನು ಊರು ಮುಟ್ಟಿತ್ತು. ನಾವು ಹೋದಾಗ ಹೆಂಗಸಿಗೆ ಮಡಿ ಸೀರೆ ಉಡಿಸಿ ಕಟ್ಟೆಯ ಮೇಲೆ ಕುರ್ಚಿ ಹಾಕಿ ಕೂರಿಸಿದ್ದರು. ಅವಳು ಕುರ್ಚಿಯ ತುದಿಯಲ್ಲಿ ಕೂತಿದ್ದ ರೀತಿ ನೋಡಿದರೇ ಸಾಕಿತ್ತು, ಆ ಕಟ್ಟೆಯ ಮೇಲೆ ಅವಳು ಎಂದೂ ಕೂತವಳಲ್ಲ. ಯಜಮಾನರು ಅರವತ್ತರ ಆಸುಪಾಸಿನವರು, ಹಣೆ ತುಂಬ ವಿಭೂತಿ, ಕೊರಳಲ್ಲಿ ಲಿಂಗ, ಮಾತು ಬೆಣ್ಣೆ. ಬಂದವರಿಗೆಲ್ಲ ಚಹಾ ಕೊಡಿಸಿದರು. ಅವಳಿಗೂ ಕೊಡಿಸಿದರು. ಅವಳ ಕಪ್ಪು ಬೇರೆ ಇತ್ತು.

“ನಮ್ಮಲ್ಲಿ ಜೀತ ಗೀತ ಇಲ್ಲರಿ,” ಎಂದರು. “ಕಾಯಕ ಐತಿ. ಆಕಿ ಕಾಯಕ ಮಾಡತಾಳ, ನಾವು ಆಕಿನ್ನ ಮನಿ ಮಗಳಂಗ ನೋಡ್ಕೋತೇವಿ.”

ನನ್ನ ಮೈ ಉರಿಯಿತು. ಹುಕ್ಕೇರಿಯ ನಮ್ಮ ಮನೆಯಲ್ಲೂ ಅದೇ ವಿಭೂತಿ, ಅದೇ ಲಿಂಗ. ಬಸವಣ್ಣನ ಹೆಸರು ಹೇಳಿ ಬೆಳೆದವಳು ನಾನು. ಒಬ್ಬರನ್ನು ಇನ್ನೊಬ್ಬರ ಕೊಟ್ಟಿಗೆಗೆ ಕಟ್ಟಿಹಾಕುವ ಕೆಲಸಕ್ಕೆ ಕಾಯಕ ಎಂಬ ಮಾತನ್ನು ಬಳಸುವುದೆಂದರೆ ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ. “ಮನಿ ಮಗಳಿಗೆ ಆಸ್ತಿಯೊಳಗ ಎಷ್ಟು ಪಾಲು ಇಟ್ಟೀರಿ?” ಎಂದು ಕೇಳಿಯೇ ಬಿಟ್ಟೆ. ತಂಡದವರು ನನ್ನನ್ನೇ ದುರುಗುಟ್ಟಿ ನೋಡಿದರು. ವರದಿ ಹೇಗೆ ಬಂತೆಂದು ಬೇರೆ ಹೇಳಬೇಕಿಲ್ಲ. ಸಾಲ ಕಂಡುಬಂದಿಲ್ಲ, ದೈಹಿಕ ಹಿಂಸೆ ಕಂಡುಬಂದಿಲ್ಲ, ಮಹಿಳೆ ಸಂತೋಷವಾಗಿದ್ದಾರೆ.

ಅದರ ಮೇಲೆ ವಿಚಾರಣೆಗೆ ಕೂತವರು ಉಪವಿಭಾಗದ ಅಧಿಕಾರಿ. ಮೈಸೂರು ಕಡೆಯ ತರುಣ, ನೆಟ್ಟಗೆ ಕೂರುವ, ಮಧ್ಯೆ ಮಾತಾಡದ ಮನುಷ್ಯ. ನಮ್ಮ ಮಾತು ಅವರಿಗೆ ಅರ್ಧ ಅರ್ಥವಾಗುತ್ತಿತ್ತು, ಉಳಿದರ್ಧವನ್ನು ಕೇಳಿ ತಿಳಿದುಕೊಳ್ಳುವ ತಾಳ್ಮೆ ಇತ್ತು. ಯಜಮಾನರ ವಕೀಲರು ಗೋಕಾಕದವರೇ, ದಿನಾ ನನ್ನ ಪಕ್ಕದ ಮೇಜಿನಲ್ಲಿ ಕೂರುವವರು. ಅವರು ನಿಘಂಟು ತಂದಿದ್ದರು. ಹಳಗನ್ನಡದಲ್ಲಿ ಜೀತ ಅಂದರೆ ಸಂಬಳ, ಹಾಗಾಗಿ ಜೀತ ಇದೆ ಅನ್ನುವುದೇ ಪಗಾರ ಇದೆ ಅನ್ನುವುದಕ್ಕೆ ಸಾಕ್ಷಿ ಎಂದು ವಾದ ಹೂಡಿದರು. ಹೊರಗೆ ಬಂದಮೇಲೆ ನಕ್ಕು, “ಏನ ಮಾಡೂದ್ರಿ ಮೇಡಮ್ಮ, ಹೊಟ್ಟಿಪಾಡು,” ಎಂದರು. ನಾನು ನಗಲಿಲ್ಲ.

ಎರಡನೆಯ ಹೊಡೆತ ದೊಡ್ಡದು. ಹೆಂಗಸನ್ನು ಕರೆಸಿ ಅಧಿಕಾರಿ ಮೆಲ್ಲಗೆ ಕೇಳಿದರು, “ಅಮ್ಮಾ, ನಿಮ್ಮನ್ನ ಯಾರಾದ್ರೂ ಬಲವಂತವಾಗಿ ಇಟ್ಟುಕೊಂಡಿದಾರಾ?”

“ಇಲ್ಲರಿ.”

“ನೀವು ಜೀತದಾಳಾ?”

ಅವಳು ತಲೆ ಎತ್ತಿದಳು. ಮೊದಲು ನನ್ನನ್ನು, ಆಮೇಲೆ ಮಗಳನ್ನು ನೋಡಿದಳು. “ನಮ್ಮ ವಂಶದಾಗ ಯಾರೂ ಜೀತದಾಳ ಇಲ್ಲರಿ. ನಾವು ವರ್ಷ ಹಿಡೀತೇವಿ. ಹಿಡದದ್ದು ಮುಗಸ್ತೇವಿ. ಈ ಕೇಸ ನಾ ಹಾಕಿಲ್ಲ.”

ಕಚೇರಿಯ ಹೊರಗೆ ತಾಯಿ ಮಗಳಿಗೆ ಜಗಳ ಹತ್ತಿತು. ಮಗಳು ಅತ್ತದ್ದನ್ನು ನಾನು ಕಂಡದ್ದು ಅವತ್ತೇ. ಯಜಮಾನರ ಕಡೆಯವರು ಜೀಪಿನಲ್ಲಿ ತಾಯಿಯನ್ನು ಹತ್ತಿಸಿಕೊಂಡು ಹೋದರು. ಹೋಗುವಾಗ ಒಬ್ಬ ನನಗೆ ಕೇಳುವಂತೆ, “ಎಂಥವರಿದ್ರೂ ನಮ್ಮವರ ಮ್ಯಾಲ ತಿರುಗಿ ಬೀಳಬಾರದು ನೋಡ,” ಎಂದ. ನಮ್ಮವರು ಅಂದರೆ ಯಾರೆಂದು ನನಗೆ ಗೊತ್ತಿತ್ತು. ಆ ವಾರವೇ ಹುಕ್ಕೇರಿಯಿಂದ ಅಣ್ಣನ ಫೋನು ಬಂತು. ಯಜಮಾನರ ಮನೆ ನಮ್ಮ ಅತ್ತಿಗೆಯ ತವರಿಗೆ ಬೀಗರಂತೆ. “ಆ ಹೆಂಗಸ ತಾನ ಬ್ಯಾಡ ಅನ್ನಾಕತ್ತಾಳ, ನಿನಗ್ಯಾಕ ಬೇಕು ಊರ ಉಸಾಬರಿ?” ಎಂದ. ಬ್ಯಾಡ ಅನ್ನಾಕ ಆಕಿಗೆ ಅವಕಾಶ ಸಿಕ್ಕಿದ್ದ ಯಾವಾಗ ಎಂದು ನಾನು ಕೂಗಿದೆ. ಫೋನು ಇಟ್ಟದ್ದು ಅವನೋ ನಾನೋ ನೆನಪಿಲ್ಲ.

ನಾನು ಮತ್ತೊಮ್ಮೆ ಊರಿಗೆ ಹೋದೆ, ಈ ಸಲ ಯಾರಿಗೂ ಹೇಳದೆ, ಬಸ್ಸಿನಲ್ಲಿ. ಅವಳು ಕೊಟ್ಟಿಗೆಯಲ್ಲಿ ದನಕ್ಕೆ ಮೇವು ಹಾಕುವ ಗ್ವಾದಲಿ ತೊಳೆಯುತ್ತಿದ್ದಳು. ನನ್ನನ್ನು ಕಂಡು ಕೈ ನಿಲ್ಲಿಸಲಿಲ್ಲ.

“ಮತ್ತ ಯಾಕ ಬಂದ್ರಿ?”

“ನಿಮ್ಮ ಕೂಡ ಮಾತಾಡಾಕ.”

“ಮಾತಾಡೂದು ಏನೂ ಇಲ್ಲ. ನನ್ನ ಗಂಡ ಶ್ರಾವಣದಾಗ ಹ್ವಾದ. ಅವನ ವರ್ಷ ಅರ್ಧಕ್ಕ ನಿಂತಿತ್ತು. ಅರ್ಧಕ್ಕ ಬಿಟ್ಟು ಸತ್ತಾನ ಅಂತ ಮಂದಿ ಅನ್ನಬಾರದಂತ ನಾ ಬಂದೆ. ಇದು ಮಾನದ ಮಾತು. ಜೀತ ಅಂತ ಹೆಸರಿಟ್ಟು ನೀವು ಅವನ ಮಾನ ಕಳೀಬ್ಯಾಡ್ರಿ.”

ಕಾಯ್ದೆಯ ಯಾವ ಸಾಲೂ ನನ್ನ ನೆರವಿಗೆ ಬರಲಿಲ್ಲ. ನನಗೆ ಬಂದದ್ದು ಸಿಟ್ಟು. ಅವಳ ಮೇಲೂ ಬಂತು, ಸುಳ್ಳೇಕೆ ಹೇಳಲಿ. “ಹಂಗಾರ ಬರೂ ಪಾಡ್ಯಾಕ್ಕ ನೀವೂ ಹಿಡೀರಿ,” ಎಂದೆ. “ನಡುವ ನಿಮಗ ಏನರ ಆದ್ರ ಮಾನ ಉಳಸಾಕ ನಿಮ್ಮ ಮಗಳು ಆಸ್ಪತ್ರಿ ಬಿಟ್ಟು ಬಂದು ಇದ ಗ್ವಾದಲಿ ತೊಳೀಲಿ!”

ಅವಳು ಬಕೆಟ್ಟಿನ ನೀರನ್ನು ಎತ್ತಿ ಚೆಲ್ಲಿದಳು. ಮೋರಿಗೆ ಚೆಲ್ಲಿದಳೋ ನನಗೆ ಚೆಲ್ಲಿದಳೋ, ನನ್ನ ಸೀರೆಯ ನಿರಿಗೆಯಂತೂ ನೆನೆಯಿತು. ಒದ್ದೆ ಸೀರೆಯಲ್ಲೇ ಬಸ್ಸು ಹತ್ತಿ ಗೋಕಾಕಕ್ಕೆ ಬಂದೆ. ದಾರಿಯುದ್ದಕ್ಕೂ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಬಸ್ಸು ತೆವಳಿತು, ನನಗೆ ಯೋಚಿಸಲು ಬೇಕಾದಷ್ಟು ಹೊತ್ತು ಸಿಕ್ಕಿತು.

ಅದುವರೆಗೆ ನಾನು ವಾದಿಸುತ್ತಿದ್ದದ್ದು ಕೂಲಿಯ ಬಗ್ಗೆ. ವರ್ಷಕ್ಕಿಷ್ಟು ಜೋಳ, ಎರಡು ಹೊತ್ತಿನ ರೊಟ್ಟಿ, ಎರಡು ಜೊತೆ ಬಟ್ಟೆ, ಇದು ಕನಿಷ್ಠ ಕೂಲಿಗಿಂತ ಕಡಿಮೆ ಎಂದು. ಅದಕ್ಕೆ ಅವರ ಬಳಿ ಉತ್ತರ ಸಿದ್ಧವಿತ್ತು: ಕೂಲಿ ಕಡಿಮೆಯಿದ್ದರೆ ಹೆಚ್ಚಿಸೋಣ, ಅಷ್ಟಕ್ಕೆ ಜೀತ ಹೇಗಾಗುತ್ತದೆ? ಹಾಗೆ ಹೆಚ್ಚಿಸಿಕೊಂಡು ಅವಳು ಅಲ್ಲೇ ಉಳಿಯುತ್ತಾಳೆ. ಬಿಡುವ ಹಕ್ಕಿಲ್ಲದ ದುಡಿಮೆಗೆ ಪಗಾರ ಹೆಚ್ಚಾದರೂ ಅದು ಗುಲಾಮಗಿರಿಯೇ. ಪಾಡ್ಯ ಹತ್ತಿರ ಬರುತ್ತಿತ್ತು. ಈ ಸಲ ಅವಳು ಎಲೆ ಹಿಡಿದರೆ ಸ್ವಂತ ಹೆಸರಿನಲ್ಲಿ ಹಿಡಿದ ಹಾಗಾಗುತ್ತದೆ, ಆಮೇಲೆ ಸರದಿ ಮಗಳದು. ನಾನು ಕೂಲಿಯ ವಾದವನ್ನು ಪೂರ್ತಿ ಕೈಬಿಟ್ಟೆ. ಮುಂದಿನ ವಿಚಾರಣೆಯಲ್ಲಿ ಎದ್ದುನಿಂತು, ಸಾಲ ಇಲ್ಲ ಎಂಬುದನ್ನು ಒಪ್ಪುತ್ತೇನೆ, ಪಾಡ್ಯದ ಬೆಳಿಗ್ಗೆ ತಾವೇ ಆ ಮನೆಯ ಅಂಗಳಕ್ಕೆ ಬಂದು ಪದ್ಧತಿಯನ್ನು ಕಣ್ಣಾರೆ ನೋಡಿ ತೀರ್ಮಾನಿಸಬೇಕು, ಇದೊಂದೇ ನನ್ನ ಕೋರಿಕೆ ಎಂದೆ.

ನರ್ಸು ನನ್ನ ತೋಳು ಹಿಡಿದಳು. “ಅವ್ವ ಎಲ್ಲಾರ ಮುಂದ ಹಿಡದಬಿಟ್ರ?”

ಹಿಡಿದರೆ ಕೇಸು ಅಲ್ಲಿಗೆ ಮುಗಿಯುತ್ತಿತ್ತು. ಅಧಿಕಾರಿಯೇ ಸಾಕ್ಷಿಯಾಗಿ ಅವಳನ್ನು ಕಟ್ಟಿದ ಹಾಗಾಗುತ್ತಿತ್ತು. ಅದು ನನಗೂ ಗೊತ್ತಿತ್ತು. ಹಬ್ಬದ ದಿನ ಎಂದು ಅಧಿಕಾರಿ ಹಿಂದೆಮುಂದೆ ನೋಡಿದರು. ಅವರನ್ನು ಒಪ್ಪಿಸಿದ್ದು ನಾನಲ್ಲ, ಯಜಮಾನರು. “ಬರ್ರಿ ಸಾಹೇಬ್ರ, ಖುಷೀಲೆ ಬರ್ರಿ. ನಾವು ಆಳಿಗೆ ಹೆಂಗ ಮರ್ಯಾದಿ ಮಾಡತೇವಿ ನೋಡ್ರಿ. ಹೋಳಿಗಿ ಉಂಡ ಹೋಗ್ರಿ,” ಎಂದು ಎರಡೂ ಕೈ ಮುಗಿದರು. ಅವರ ವಕೀಲರು ಅವರ ತೋಳು ಜಗ್ಗಿದ್ದನ್ನು ನಾನು ನೋಡಿದೆ. ಯಜಮಾನರು ಆ ಕೈಯನ್ನು ಕೊಡವಿದರು.

ಪಾಡ್ಯದ ಬೆಳಿಗ್ಗೆ ಅಂಗಳ ಸಾರಿಸಿ ರಂಗೋಲಿ ಹಾಕಿದ್ದರು. ಎತ್ತುಗಳ ಮೈ ತೊಳೆದು ಕೊಂಬಿಗೆ ಬಣ್ಣ ಹಚ್ಚಿದ್ದರು. ಬೇವು ಬೆಲ್ಲ ನಮಗೂ ಬಂತು. ಅರ್ಧ ಊರು ಅಂಗಳದಲ್ಲಿತ್ತು, ನನ್ನನ್ನು ಮಾತಾಡಿಸಿದವರು ಒಬ್ಬರೂ ಇಲ್ಲ. ನರ್ಸು ಆಸ್ಪತ್ರೆಯ ಪಾಳಿ ಮುಗಿಸಿ ಬಿಳಿ ಬಟ್ಟೆಯಲ್ಲೇ ಬಂದಿದ್ದಳು. ಅವಳನ್ನು ಒಳಗೆ ಬಾ ಎನ್ನಲಿಲ್ಲ, ಬಾಗಿಲ ಬಳಿಯೇ ನಿಂತಳು. ಅಧಿಕಾರಿಯ ಗುಮಾಸ್ತ ಕಟ್ಟೆಯ ಮೇಲೆ ಕಾಗದ ಹರವಿಕೊಂಡು ಕೂತ.

ಮೊದಲು ಮೂರು ಜನ ಗಂಡಾಳುಗಳು ಬಂದರು. ಯಜಮಾನರು ಹಿತ್ತಾಳೆ ತಾಟು ಹಿಡಿದರು. ಒಬ್ಬೊಬ್ಬರಾಗಿ ಧೋತರ, ಎಲೆ ಅಡಿಕೆ ತೆಗೆದುಕೊಂಡು ಕಣ್ಣಿಗೊತ್ತಿಕೊಂಡರು. ಆಮೇಲೆ ಅವಳು. ಅವಳಿಗೆಂದು ಅವತ್ತು ಇಳಕಲ್ಲ ಸೀರೆ ತಂದಿದ್ದರು, ಸಾಹೇಬರು ನೋಡಲಿ ಎಂದು.

“ತಗೋ ತಂಗಿ,” ಎಂದರು ಯಜಮಾನರು.

ಅವಳು ಎರಡೂ ಕೈ ಚಾಚಿದಳು. ಕೈಗಳು ತಾಟಿನ ಅಂಚಿನವರೆಗೆ ಹೋಗಿ ನಿಂತವು.

“ಗೌಡ್ರ, ಒಂದ ಮಾತು ಕೇಳ್ಲಿ?”

“ಕೇಳ, ಕೇಳ.”

“ನನ್ನ ಗಂಡನ ವರ್ಷ ನಾ ತುಂಬಿಸಿದೆ. ನಾ ನಡುವ ಸತ್ತರ ನನ್ನ ವರ್ಷ ಯಾರ ತುಂಬಸಬೇಕ್ರಿ?”

ಯಜಮಾನರು ನಕ್ಕರು. ನಿಜವಾಗಿಯೂ ಪ್ರೀತಿಯಿಂದ ನಕ್ಕರು, ಆ ಮಾತನ್ನು ನಾನು ಮುಚ್ಚಿಡಲಾರೆ. “ಹಬ್ಬದ ದಿನ ಸಾಯೂ ಮಾತ ಯಾಕ? ಪದ್ಧತಿ ನಿನಗ ಗೊತ್ತಿಲ್ಲೇನ? ನಿನ್ನ ಮಗಳ ಬರಬೇಕಾಕ್ಕತಿ. ಬಂದ್ರ ಆಕಿನೂ ನಮ್ಮ ಮನಿ ಮಗಳ.”

ಅವರ ವಕೀಲರು ಕೆಮ್ಮಿದರು. ಅಧಿಕಾರಿ ಬೇವು ಬೆಲ್ಲದ ಬಟ್ಟಲನ್ನು ಕೆಳಗಿಟ್ಟರು. “ಕ್ಷಮಿಸಿ, ನನಗೆ ಸರಿಯಾಗಿ ಅರ್ಥ ಆಗಲಿಲ್ಲ. ಇನ್ನೊಂದು ಸಲ ಹೇಳ್ತೀರಾ?”

ಹೊಗಳಿಕೆ ಬರುತ್ತಿದೆ ಎಂದುಕೊಂಡರೋ ಏನೋ, ಯಜಮಾನರು ಎದೆ ಸೆಟೆಸಿ ಬಿಡಿಸಿ ಹೇಳಿದರು. “ನಮ್ಮ ಊರಾಗ ಹಿಡದ ವರ್ಷ ಖಾಲಿ ಬೀಳೂದಿಲ್ಲರಿ. ಈಕಿ ಗಂಡ ಶ್ರಾವಣದಾಗ ತೀರಿಕೊಂಡ. ಮೂರನೇ ದಿನಕ್ಕ ಈಕಿ ತಾನ ಬಂದು ನಿಂತಳು, ನಾವು ಕರೀಲೂ ಇಲ್ಲ. ಅವನ ಅಪ್ಪಂದ ಅವ ತುಂಬಿಸಿದ್ದ. ಇಂಥಾ ನಿಯತ್ತಿನ ಮಂದಿ ಈಗಿನ ಕಾಲದಾಗ ಎಲ್ಲಿ ಸಿಗತಾರ, ಹೇಳ್ರಿ?”

“ಬರಕೊಳ್ಳಿ,” ಎಂದು ಅಧಿಕಾರಿ ಗುಮಾಸ್ತನಿಗೆ ಹೇಳಿದರು. ಅವನು ಬರೆದದ್ದನ್ನು ಗಟ್ಟಿಯಾಗಿ ಓದಿಸಿದರು. “ಇದು ನಿಮ್ಮ ಹೇಳಿಕೆ ತಾನೆ?” ಎಂದು ಕೇಳಿದರು. ಖರೆ ಮಾತಿಗೆ ಯಾವ ಹೆದರಿಕೆ ಎಂದು ಯಜಮಾನರು ಅದರ ಕೆಳಗೆ ಸಹಿ ಹಾಕಿದರು. ವಾರಸಿನಿಂದ ಬರುವ ಹೊಣೆ ಎಂದು ಕಾಯ್ದೆ ಹೇಳುವುದು ಇದನ್ನೇ. ಇಡೀ ಚಳಿಗಾಲ ನನಗೆ ಸಿಗದ ಸಾಕ್ಷಿಯನ್ನು ಅವರು ಹೆಮ್ಮೆಯಿಂದ ತಾವೇ ಕೊಟ್ಟರು, ಏಕೆಂದರೆ ಅದರಲ್ಲಿ ಮುಚ್ಚಿಡುವಂಥದ್ದೇನಿದೆ ಎಂದು ಆ ಮನೆಯಲ್ಲಿ ಯಾರಿಗೂ ಎಂದೂ ಅನ್ನಿಸಿರಲಿಲ್ಲ.

ಹೆಂಗಸು ಇನ್ನೂ ಕೈ ಚಾಚಿಯೇ ನಿಂತಿದ್ದಳು. ಬಾಗಿಲ ಕಡೆ ನೋಡಿದಳು, ಬಿಳಿ ಬಟ್ಟೆಯ ಮಗಳನ್ನು. ಆಮೇಲೆ ಕೈಗಳನ್ನು ಹಿಂದಕ್ಕೆ ತೆಗೆದುಕೊಂಡು ಸೆರಗಿನಲ್ಲಿ ಸುತ್ತಿಕೊಂಡಳು. “ಸಾಕ್ರಿ, ಗೌಡ್ರ. ನನ್ನಿಂದ ಮುಂದ ಇದು ಬ್ಯಾಡ,” ಎಂದಳು. ಅಂಗಳದಲ್ಲಿ ಗುಲ್ಲೆದ್ದಿತು. ಉಂಡ ಮನೆಗೆ ಎರಡು ಬಗೆದವಳು ಎಂದು ಯಾರೋ ಕೂಗಿದರು. ಯಜಮಾನರು ತಾಟು ಹಿಡಿದುಕೊಂಡು ನಿಂತೇ ಇದ್ದರು, ಏನಾಯಿತೆಂದು ಅವರಿಗೆ ಇನ್ನೂ ತಿಳಿದಿರಲಿಲ್ಲ.

ಬಿಡುಗಡೆಯ ಆದೇಶ ಬಂತು. ಗೆದ್ದೆವು ಎಂದು ಸಿಹಿ ಹಂಚುವ ಪರಿಸ್ಥಿತಿ ಇರಲಿಲ್ಲ. ಯಜಮಾನರ ಮೇಲೆ ಬೇರೆ ಕೇಸು ನಡೆಯಿತು, ಅವರು ಜಾಗ ಖಾಲಿ ಮಾಡಿಸಿದರು, ತಾಯಿ ಗೋಕಾಕದಲ್ಲಿ ಮಗಳ ಬಾಡಿಗೆ ಕೋಣೆಗೆ ಬಂದಳು. ಅಲ್ಲಿ ಗೋಡೆಯ ಮೇಲೆ ಬುದ್ಧನ ಪಟ, ಕೆಳಗೆ ಎರಡು ಚಾಪೆ, ಅಷ್ಟೇ ಜಾಗ. ಅವಳ ಓಣಿಯವರೇ ಅವಳ ಜೊತೆ ಮಾತು ಬಿಟ್ಟರು. ಆ ಊರಿನ ಉಳಿದ ದೊಡ್ಡ ರೈತರು ಕೇಸಿಗೆ ಹೆದರಿ ವರ್ಷದ ಆಳು ಇಡುವುದನ್ನೇ ನಿಲ್ಲಿಸಿದ್ದರು. “ನೀ ಬಿಡಿಸ್ಕೊಂಡಿ, ನಮ್ಮ ಒಲಿ ಹೆಂಗ ಹತ್ತಬೇಕು?” ಎಂದು ಒಬ್ಬಳು ಬಸ್‌ ನಿಲ್ದಾಣದಲ್ಲಿ ನನ್ನೆದುರೇ ಅವಳನ್ನು ತರಾಟೆಗೆ ತೆಗೆದುಕೊಂಡಳು. ಪಂಚಮಿ ಹಬ್ಬಕ್ಕೆ ಕರೆಯಲು ಹುಕ್ಕೇರಿಯಿಂದ ಅಣ್ಣ ಬರಲಿಲ್ಲ. ನನಗೆ ನೋವಾಯಿತು, ಆದರೆ ಫೋನು ಮಾಡಲಿಲ್ಲ.

ಅವಳು ನನಗೆ ಒಂದು ದಿನವೂ ಉಪಕಾರ ಹೇಳಲಿಲ್ಲ. ಒಮ್ಮೆ ಮಾತ್ರ ಕಚೇರಿಗೆ ಬಂದು ಬಿಡುಗಡೆ ಪತ್ರವನ್ನು ನನ್ನ ಮೇಜಿನ ಮೇಲೆ ಒಗೆದಳು. “ಅಲ್ಲಿದ್ದಾಗ ಯಾರೂ ನನ್ನ ಜೀತದಾಳ ಅಂದಿರಲಿಲ್ಲ. ಹೊರಗ ಬಂದ ಮ್ಯಾಲ ಸರಕಾರ ಆ ಹೆಸರ ಹಚ್ಚಿ ಕೊಟ್ಟೈತಿ. ಇದನ್ನ ನೀವ ಇಟ್ಕೋರಿ.” ಬಿಡುಗಡೆಯಾದವರಿಗೆ ಸರಕಾರ ಕೊಡುವ ಮನೆ ಕಟ್ಟುವ ಜಾಗ ಬೇಕೆಂದರೆ ಅದೇ ಪತ್ರ ತೋರಿಸಬೇಕು ಎಂದೆ. ಜಾಗವೂ ಬೇಡ ಎಂದು ಹೋದಳು. ಮಗಳು ತಿಂಗಳುಗಟ್ಟಲೆ ಕಾಡಿ ಬೇಡಿ ಒಪ್ಪಿಸಿದಳು.

ಮೂಡಲಗಿಯ ತಾಲೂಕು ಕಚೇರಿಯಲ್ಲಿ ಜಾಗದ ಪತ್ರ ಹಂಚುವ ದಿನ ಹೊರಗಿನ ಪಡಸಾಲೆ ತುಂಬಿ ಜನ ನಿಂತಿದ್ದರು. ಬೇರೆ ಬೇರೆ ಯೋಜನೆಯವರು, ಬೇರೆ ಬೇರೆ ಊರಿನವರು, ಅವಳ ಊರಿನವರೂ ಕೆಲವರು. ನಾವು ಮೂವರು ಗೋಡೆಗೆ ಆನಿಕೊಂಡು ಬೆಂಚಿನ ಮೇಲೆ ಕೂತಿದ್ದೆವು. ಗುಮಾಸ್ತ ಕಿಟಕಿಯಿಂದ ತಲೆ ಹೊರಗೆ ಹಾಕಿ ಕೂಗಿದ.

“ಜೀತದಾಕಿ ಯಾರವ್ವ? ಜೀತದಾಕಿ ಬರಬೇಕು!”

ಪಡಸಾಲೆಯೆಲ್ಲ ತಿರುಗಿ ನೋಡಿತು. ಯಾರೋ ಕಿಸಕ್ಕೆಂದರು. ನಾನು ಗುಮಾಸ್ತನ ಮೇಲೆ ಹರಿಹಾಯಲು ಎದ್ದೆ. ಅವಳು ನನ್ನ ಸೆರಗು ಹಿಡಿದು ಕೂರಿಸಿದಳು. ತಾನು ಏಳಲಿಲ್ಲ.

“ಆಕಿ ನಾನ ಅದೇನ್ರಿ,” ಎಂದಳು, ಕೂತಲ್ಲಿಂದಲೇ, ಎಲ್ಲರಿಗೂ ಕೇಳುವಂತೆ. “ಜೀತಕ್ಕ ಇಟ್ಕೊಂಡಾವರ ಹೆಸರೂ ಆ ಕಾಗದದಾಗ ಇರಬೇಕಲ್ಲ. ಅದನ್ನೂ ಕೂಗ್ರಿ. ಆಮ್ಯಾಲ ಬರತೇನಿ.”

ಗುಮಾಸ್ತ ನನ್ನತ್ತ ನೋಡಿದ. ಅವನು ಆದೇಶದ ಹಾಳೆ ತಿರುವಿ, ಗಂಟಲು ಸರಿಮಾಡಿಕೊಂಡು, ಯಜಮಾನರ ಹೆಸರನ್ನು ಓದಿದ. ಬಾಯೊಳಗೇ ಓದಿದ.

“ಕೇಳಲಿಲ್ಲರಿ,” ಎಂದಳು ಅವಳು. “ನನ್ನ ಕೂಗಿದಷ್ಟ ಜೋರ ಕೂಗ್ರಿ.”

ಪಡಸಾಲೆಯಲ್ಲಿ ಈಗ ಯಾರೂ ನಗುತ್ತಿರಲಿಲ್ಲ. ಗುಮಾಸ್ತ ಹೆಸರು, ಮನೆತನ, ಊರು, ಮೂರನ್ನೂ ಸೇರಿಸಿ ಗಟ್ಟಿಯಾಗಿ ಕೂಗಿದ. ಅವಳು ಎದ್ದು, ಸೆರಗು ಸರಿಮಾಡಿಕೊಂಡು, ಕಿಟಕಿಯ ಕಡೆಗೆ ನಡೆದಳು.